ತಂತಿ ಇಯರ್‌ಫೋನ್ ಹೋಲಿಕೆ: ಮೊದಲು ಕಿವಿಗೆ ಕೂರಿಸಿ, ಆಮೇಲೆ ಕೇಳಿ

ಒಂದೇ ಇಯರ್‌ಫೋನಿನ ಬಗ್ಗೆ ಒಬ್ಬರು ‘ಬೇಸೇ ಇಲ್ಲ’ ಅನ್ನುತ್ತಾರೆ, ಇನ್ನೊಬ್ಬರು ‘ಬೇಸ್ ವಿಪರೀತ’ ಅನ್ನುತ್ತಾರೆ. ಸಾಮಾನ್ಯವಾಗಿ ಇಬ್ಬರೂ ತಾವು ಕೇಳಿದ್ದನ್ನೇ ಹೇಳುತ್ತಿರುತ್ತಾರೆ. ಮೊದಲನೆಯವರ ಕಿವಿಯಲ್ಲಿ ಟಿಪ್ (ತುದಿಗೆ ಹಾಕುವ ರಬ್ಬರ್ ಟೊಪ್ಪಿ) ಸರಿಯಾಗಿ ಮುಚ್ಚಿಕೊಂಡಿಲ್ಲ, ಗಾಳಿ ಸೋರುತ್ತಿದೆ. ಎರಡನೆಯವರಲ್ಲಿ ಚೆನ್ನಾಗಿ ಮುಚ್ಚಿಕೊಂಡಿದೆ. ತುಸು ಗಾಳಿ ಸೋರಿದರೂ 100 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಕಾಣೆಯಾಗುತ್ತದೆ. ಡ್ರೈವರ್ (ಒಳಗೆ ಸದ್ದು ಹೊರಡಿಸುವ ಭಾಗ) ಎಷ್ಟು ದುಬಾರಿಯದಾದರೂ ಇದನ್ನು ತಪ್ಪಿಸಲಾಗದು. ಆದ್ದರಿಂದ ಎರಡು ಇಯರ್‌ಫೋನ್ ಹೋಲಿಸಲು ಕೂತವರು ಅರ್ಧಕ್ಕರ್ಧ ಸಲ ಹೋಲಿಸುವುದು ಎರಡು ರಬ್ಬರ್ ಟಿಪ್‌ಗಳನ್ನೇ. ಇನ್ನರ್ಧ ಸಲ ಹೋಲಿಸುವುದು ಎರಡು ವಾಲ್ಯೂಮ್‌ಗಳನ್ನು. ಈ ಎರಡನ್ನೂ ದಾರಿಯಿಂದ ಸರಿಸಿದ ಮೇಲೆ ಉಳಿಯುವ ವ್ಯತ್ಯಾಸವೇ ಇಯರ್‌ಫೋನಿನ ನಿಜವಾದ ವ್ಯತ್ಯಾಸ. ಕೆಳಗಿನ ಕ್ರಮ ಅದಕ್ಕಾಗಿ.

ಇಲ್ಲಿ ಹೇಳುವುದು ಮುಖ್ಯವಾಗಿ ಕಿವಿನಾಳದ ಒಳಗೆ ಕೂರುವ, ಐಇಎಂ ಎಂದು ಕರೆಯುವ ಜಾತಿಯ ಬಗ್ಗೆ. ಕಿವಿಯ ಬಟ್ಟಲಿನಲ್ಲಿ ಸುಮ್ಮನೆ ಒರಗುವ ಚಪ್ಪಟೆ ಇಯರ್‌ಬಡ್‌ಗಳಲ್ಲಿ (ವಿಇ ಮಾಂಕ್‌ನಂಥವು) ಮುಚ್ಚಿಕೊಳ್ಳುವ ಪ್ರಶ್ನೆಯೇ ಇಲ್ಲ. ಅಲ್ಲಿ ಆಳವಾದ ಬೇಸ್ ಹೇಗೂ ಕಡಿಮೆ, ಹೊದಿಸುವ ಸ್ಪಂಜಿನ ದಪ್ಪ ಬದಲಾದರೆ ಸದ್ದೂ ಬದಲಾಗುತ್ತದೆ. ಅವನ್ನು ಹೋಲಿಸುವಾಗ ಎರಡಕ್ಕೂ ಒಂದೇ ಥರದ ಸ್ಪಂಜ್ ಹಾಕಿದರೆ ಸಾಕು. ಐಇಎಂಗೂ ಇಯರ್‌ಬಡ್‌ಗೂ ಬೇಸ್ ಹೋಲಿಕೆ ಮಾಡಬೇಡಿ, ಅದು ನ್ಯಾಯವಲ್ಲ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಎರಡೂ ಇಯರ್‌ಫೋನ್‌ಗಳ ಜೊತೆ ಬಂದ ಎಲ್ಲ ಅಳತೆಯ ಟಿಪ್‌ಗಳು, ಸಾಧ್ಯವಿದ್ದರೆ ಒಂದು ಜೋಡಿ ಫೋಮ್ ಟಿಪ್. ಫೋನಿನಲ್ಲಿ ಬೇಕಾದ ಕಂಪನಾಂಕದ ಒಂದೇ ಸ್ವರ ನುಡಿಸುವ ಒಂದು ಟೋನ್ ಜನರೇಟರ್ ಆ್ಯಪ್. ಇದು 20 ಹರ್ಟ್ಸ್‌ನಿಂದ 15 ಕಿಲೋಹರ್ಟ್ಸ್‌ವರೆಗೆ ಬೇಕಾದ ಕಡೆ ನಿಲ್ಲುವಂತಿರಬೇಕು. ಪಿಂಕ್ ನಾಯ್ಸ್‌ನ (ಮಳೆ ಸುರಿದಂತೆ ಒಂದೇ ಸಮನೆ ಕೇಳುವ ಸದ್ದಿನ) ಒಂದು ಫೈಲ್. ಸದ್ದಿನ ಮಟ್ಟ ಅಳೆಯುವ ಆ್ಯಪ್ ಇರುವ ಇನ್ನೊಂದು ಫೋನ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಲೆವೆಲ್ ಪೈಪಿನಂಥ ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯ 3 ಸೆಂಟಿಮೀಟರ್ ತುಂಡು. ಬರೆದಿಟ್ಟುಕೊಳ್ಳಲು ಪೆನ್ನು, ಕಾಗದ. ಇಷ್ಟೇ.

ಕೂರಿಸುವ ಕೆಲಸ

ಎಡ ಯಾವುದು, ಬಲ ಯಾವುದು ನೋಡಿಕೊಳ್ಳಿ. ಕೆಂಪು ಗುರುತು ಬಲಕ್ಕೆ, ನೀಲಿ ಗುರುತು ಎಡಕ್ಕೆ. ತಂತಿ ಕಿವಿಯ ಮೇಲಿಂದ ಹಿಂದಕ್ಕೆ ಬಳಸಿ ಬರುವ ವಿನ್ಯಾಸವೋ ನೇರ ಕೆಳಗೆ ಇಳಿಯುವ ವಿನ್ಯಾಸವೋ ಗಮನಿಸಿ. ಶೂರ್ ಎಸ್‌ಇ215 ಮೊದಲ ಜಾತಿ, ಫೈನಲ್ ಕಂಪನಿಯ ಇ3000 ಎರಡನೆಯದು. ನೇರ ಇಳಿಯುವವನ್ನು ಕಿವಿಯ ಮೇಲಿಂದ ಬಳಸಿಯೂ ಹಾಕಬಹುದು. ಆದರೆ ಮೇಲಿಂದ ಬರುವವನ್ನು ನೇರ ಇಳಿಬಿಟ್ಟರೆ ನಾಝಲ್‌ನ (ಟಿಪ್ ಸಿಕ್ಕಿಸುವ ಮೂತಿಯ) ಕೋನ ತಪ್ಪುತ್ತದೆ.

ದೊಡ್ಡವರ ಕಿವಿನಾಳ ಸುಮಾರು 25 ಮಿಲಿಮೀಟರ್ ಉದ್ದ, 7 ಮಿಲಿಮೀಟರ್ ಅಗಲ. ಅದು ನೆಟ್ಟಗೆ ಇರುವುದಿಲ್ಲ, ತುಸು ಬಳುಕಿಕೊಂಡಿರುತ್ತದೆ. ಹಾಗಾಗಿ ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ. ನಾಳ ನೆಟ್ಟಗಾಗುತ್ತದೆ. ಈಗ ಇಯರ್‌ಫೋನನ್ನು ಒಳಗೆ ತಳ್ಳಿ ಸ್ವಲ್ಪ ತಿರುಗಿಸಿ, ಕಿವಿಯನ್ನು ಬಿಡಿ. ನಾಳ ತಾನಾಗಿ ಟಿಪ್‌ನ ಸುತ್ತ ಬಿಗಿಯುತ್ತದೆ. ಸುಮ್ಮನೆ ಹೆಬ್ಬೆರಳಿನಲ್ಲಿ ಒತ್ತಿ ಹಾಕುವವರಿಗೆ ಈ ಒಂದು ಅಭ್ಯಾಸದಿಂದಲೇ ಬೇಸ್ ಮರಳಿ ಬರುವುದುಂಟು. ಫೋಮ್ ಟಿಪ್ ಆದರೆ ಮೊದಲು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಒಳಗಿಟ್ಟು, ಅದು ಉಬ್ಬಿಕೊಳ್ಳುವ ತನಕ 20–30 ಸೆಕೆಂಡ್ ಬೆರಳಲ್ಲಿ ಹಿಡಿದಿರಿ. ಬೇಗ ಬಿಟ್ಟರೆ ಅದು ಹೊರಗೆ ಜಾರಿ ಅಲ್ಲೇ ಉಬ್ಬುತ್ತದೆ.

ಟಿಪ್‌ನ ಅಳತೆ ಆರಿಸುವುದರಲ್ಲಿ ಹೆಚ್ಚಿನವರು ಎಡವುವುದು ಚಿಕ್ಕದರ ಕಡೆಗೆ. ಡಬ್ಬಿಯಿಂದ ತೆಗೆಯುವಾಗ ಹಾಕಿರುವುದು ಮಧ್ಯಮ ಅಳತೆ. ಅದು ‘ಸರಿಯಿದೆ’ ಅನಿಸಿದರೂ ಒಂದು ಅಳತೆ ದೊಡ್ಡದನ್ನು ಹಾಕಿ ನೋಡಿ. ದೊಡ್ಡದರಲ್ಲಿ ಬೇಸ್ ಹೆಚ್ಚಿದರೆ ಮೊದಲಿನದು ಸೋರುತ್ತಿತ್ತು ಎಂದರ್ಥ. ದೊಡ್ಡದರಲ್ಲಿ ಬದಲಾವಣೆ ಏನೂ ಕಾಣದೆ ಒತ್ತಡ ಮಾತ್ರ ಹೆಚ್ಚಿದರೆ ಹಿಂದಿನದಕ್ಕೇ ಮರಳಿ. ಎಡ ಬಲ ಕಿವಿಗಳ ನಾಳ ಒಂದೇ ಅಳತೆ ಇರಬೇಕೆಂಬ ನಿಯಮವೇನಿಲ್ಲ. ಒಂದು ಕಡೆ ಮಧ್ಯಮ, ಇನ್ನೊಂದು ಕಡೆ ದೊಡ್ಡದು ಹಾಕುವವರು ಬಹಳ ಜನ. ನಾಚಿಕೆಯ ವಿಷಯವೇನಲ್ಲ.

ಸೋರಿಕೆ ಪರೀಕ್ಷೆ ಹೀಗೆ. ಟೋನ್ ಜನರೇಟರನ್ನು 40 ಹರ್ಟ್ಸ್‌ಗೆ ಇಟ್ಟು, ಸಾಧಾರಣ ವಾಲ್ಯೂಮ್‌ನಲ್ಲಿ ಕೇಳುತ್ತ, ಒಂದು ಬದಿಯ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಗುಂಯ್‌ಗುಟ್ಟುವಿಕೆ ಹೆಚ್ಚಾಗಿ, ಬಿಟ್ಟಾಗ ಕುಗ್ಗಿದರೆ ಸೋರಿಕೆ ಇದೆ. ಒತ್ತಿದರೂ ಬಿಟ್ಟರೂ ಒಂದೇ ಇದ್ದರೆ ಸರಿ ಕೂತಿದೆ. (ಒತ್ತುವಾಗ ಶೆಲ್‌ನ, ಅಂದರೆ ಹೊರಚಿಪ್ಪಿನ, ಮೇಲಿನ ಗಾಳಿತೂತನ್ನು ಬೆರಳು ಮುಚ್ಚಬಾರದು. ತೂತು ಮುಚ್ಚಿದರೂ ಬೇಸ್ ಬದಲಾಗಿ ಪರೀಕ್ಷೆ ಕೆಡುತ್ತದೆ.) ಎರಡೂ ಬದಿ ನೋಡಿ. ಆಮೇಲೆ 40 ಹರ್ಟ್ಸ್ ಸದ್ದು ತಲೆಯ ನಟ್ಟನಡುವೆ ಕೇಳುತ್ತದೆಯೇ, ಒಂದು ಕಡೆಗೆ ವಾಲುತ್ತದೆಯೇ ಗಮನಿಸಿ. ವಾಲಿದರೆ ಎದುರು ಬದಿ ಸೋರುತ್ತಿದೆ. ಕೊನೆಗೆ ಬಾಯಿ ತೆರೆದು, ಎಲೆ ಅಡಿಕೆ ಜಗಿಯುವವರಂತೆ ದವಡೆ ಆಡಿಸಿ. ದವಡೆ ಆಡಿದಾಗ ನಾಳದ ಆಕಾರ ಬದಲಾಗುತ್ತದೆ. ಆಗ ಬೇಸ್ ಬಂದು ಹೋಗಿ ಮಾಡಿದರೆ ಟಿಪ್ ಅಂಚಿನಲ್ಲಿ ಕೂತಿದೆ, ಇನ್ನೂ ದೊಡ್ಡದೋ ಫೋಮೋ ಬೇಕು.

ಆಳವೂ ಅಷ್ಟೇ ಮುಖ್ಯ, ಆದರೆ ಅದರ ಪರಿಣಾಮ ಬೇಸ್‌ಗಿಂತ ಟ್ರೆಬಲ್ (ತೆಳು, ಚೂಪು ಸದ್ದು) ಮೇಲೆ. ಟಿಪ್‌ನ ತುದಿಗೂ ಕಿವಿತಮಟೆಗೂ ನಡುವೆ ಉಳಿಯುವ ಗಾಳಿಕಂಬ ತನ್ನದೇ ಒಂದು ಕಂಪನಾಂಕದಲ್ಲಿ ಅನುರಣಿಸುತ್ತದೆ. ಆ ಅಂತರ 22 ಮಿಲಿಮೀಟರ್ ಇದ್ದರೆ ಅನುರಣನ ಸುಮಾರು 8 ಕಿಲೋಹರ್ಟ್ಸ್‌ನಲ್ಲಿ. ಟಿಪ್ ಇನ್ನೂ 7 ಮಿಲಿಮೀಟರ್ ಒಳಗೆ ಹೋದರೆ ಅದು 12 ಕಿಲೋಹರ್ಟ್ಸ್‌ನ ಆಸುಪಾಸಿಗೆ ಏರುತ್ತದೆ. 8 ಕಿಲೋಹರ್ಟ್ಸ್‌ನಲ್ಲಿ ಎದ್ದ ಗುಡ್ಡ (ಸದ್ದು ಥಟ್ಟನೆ ಜೋರಾಗುವ ಜಾಗ) ಹಾಡುಗಾರರ ‘ಸ’ಕಾರವನ್ನು ಸೀಳುತ್ತದೆ, 12ರಲ್ಲಿದ್ದರೆ ಅಷ್ಟು ತೊಂದರೆ ಕೊಡುವುದಿಲ್ಲ. 1991ರಲ್ಲಿ ಬಂದ ಎಟಿಮೋಟಿಕ್ ಇಆರ್4ನಿಂದ ಇಂದಿನ ಇಆರ್2 ತನಕ ಆ ಕಂಪನಿ ಮೂರು ಹಂತದ ತೆಳ್ಳನೆ ಟಿಪ್ ಕೊಟ್ಟು ‘ಆಳಕ್ಕೆ ಹಾಕಿ’ ಎನ್ನುವುದಕ್ಕೆ ಇದೂ ಒಂದು ಕಾರಣ. ಎಟಿಮೋಟಿಕ್ ಅನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿ ‘ಚೂಪು, ಬೇಸ್ ಇಲ್ಲ’ ಎಂದು ತೀರ್ಪು ಕೊಡುವುದು ಆ ಇಯರ್‌ಫೋನಿಗೆ ಮಾಡುವ ಅನ್ಯಾಯ. ಹಾಗೆಂದು ಎಲ್ಲರ ಕಿವಿಯೂ ಆ ಆಳವನ್ನು ಸಹಿಸುವುದಿಲ್ಲ. ಸಹಿಸದಿದ್ದರೆ ಅದು ನಿಮ್ಮ ಇಯರ್‌ಫೋನ್ ಅಲ್ಲ, ಅಷ್ಟೇ. ಆಳಕ್ಕೆ ಹೋಗುವ ಟಿಪ್‌ಗೆ ಚಿಕ್ಕ ಅಳತೆ ಹೊಂದುತ್ತದೆ, ನಾಳದ ಬಾಯಲ್ಲೇ ನಿಲ್ಲುವುದಕ್ಕೆ ದೊಡ್ಡದು.

ಇದಕ್ಕೆ ವಿರುದ್ಧ ತುದಿಯಲ್ಲಿ ಟ್ರೂಥಿಯರ್ ಝೀರೋನಂಥವು ಇವೆ. ಒಳಗೆ ಎರಡು ಡೈನಮಿಕ್ (ಪುಟ್ಟ ಸ್ಪೀಕರಿನಂಥ) ಡ್ರೈವರ್, ಅದಕ್ಕೆ ತಕ್ಕ ದಪ್ಪ ನಾಝಲ್. ಕಿರಿದಾದ ನಾಳದವರಿಗೆ ಇಂಥವು ಅರ್ಧ ಗಂಟೆಯಲ್ಲಿ ನೋವು ತರುತ್ತವೆ. ಇಲ್ಲಿ ಟಿಪ್ ಬದಲಿಸಿ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಒತ್ತುವುದು ರಬ್ಬರ್ ಅಲ್ಲ, ಅದರೊಳಗಿನ ಗಟ್ಟಿ ಕೊಳವೆ. ಕೊಳ್ಳುವ ಮುಂಚೆ ನಾಝಲ್‌ನ ವ್ಯಾಸ ನೋಡಿ. 5ರಿಂದ 5.5 ಮಿಲಿಮೀಟರ್ ಸಾಮಾನ್ಯ, 6 ದಾಟಿದರೆ ಹಾಕಿ ನೋಡದೆ ಕೊಳ್ಳಬೇಡಿ.

ಟಿಪ್‌ನ ಬಾಯಿ ಅಗಲವಿದ್ದರೆ ಸಾಮಾನ್ಯವಾಗಿ ಟ್ರೆಬಲ್ ತುಸು ಹೆಚ್ಚು ತೆರೆದುಕೊಳ್ಳುತ್ತದೆ, ಕಿರಿದಾಗಿದ್ದರೆ ಬೇಸ್ ಮುಂದೆ ಬಂದಂತೆ ಅನಿಸುತ್ತದೆ. ಫೋಮ್ ಮೇಲಿನ ಟ್ರೆಬಲ್ ಅನ್ನು ಸ್ವಲ್ಪ ಹೀರುತ್ತದೆ. ಅಂದಮೇಲೆ ಒಂದಕ್ಕೆ ಫೋಮ್, ಇನ್ನೊಂದಕ್ಕೆ ಅಗಲ ಬಾಯಿಯ ಸಿಲಿಕಾನ್ ಹಾಕಿ ಹೋಲಿಸಿದರೆ ಉತ್ತರ ಬೆರಕೆಯಾಗುತ್ತದೆ. ಎರಡಕ್ಕೂ ಹೊಂದುವ ಒಂದೇ ಟಿಪ್ ಸಿಕ್ಕರೆ ಮೊದಲ ಸುತ್ತು ಅದರಲ್ಲೇ ಮಾಡಿ, ಎರಡನೆಯ ಸುತ್ತಿನಲ್ಲಿ ಒಂದೊಂದಕ್ಕೂ ಅದಕ್ಕೆ ಚೆನ್ನಾಗಿ ಹೊಂದುವ ಟಿಪ್ ಹಾಕಿ. ದಿನನಿತ್ಯ ಬಳಸುವುದು ಎರಡನೆಯ ರೀತಿಯಲ್ಲೇ ತಾನೆ.

ಹಾಕುವಾಗ ಒಳಗೆ ಪ್ಲಾಸ್ಟಿಕ್ ಹಾಳೆ ಮುದುರಿದಂತೆ ಚರಪರ ಸದ್ದು ಬಂದರೆ ಗಾಬರಿಯಾಗಬೇಡಿ. ಒಳನುಗ್ಗಿದ ಗಾಳಿ ಡ್ರೈವರ್‌ನ ತೆಳು ಪೊರೆಯನ್ನು ತಳ್ಳಿದ ಸದ್ದು ಅದು. ನಿಧಾನವಾಗಿ, ಬಾಯಿ ಸ್ವಲ್ಪ ತೆರೆದು ಹಾಕಿದರೆ ಕಡಿಮೆಯಾಗುತ್ತದೆ. ಹಾಕಿದ ಕೂಡಲೇ ಒಂದು ಬದಿಯ ಸದ್ದು ತಗ್ಗಿ, ತೆಗೆದು ಹಾಕಿದರೆ ಸರಿಹೋಗುವುದೂ ಇದರಿಂದಲೇ.

ಫೋನು, ಡಾಂಗಲ್ ಮತ್ತು ಓಮ್ ಲೆಕ್ಕ

ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಡಾಲ್ಬಿ ಅಟ್ಮಾಸ್, ಈಕ್ವಲೈಜರ್, ‘ಸೌಂಡ್ ಎನ್‌ಹ್ಯಾನ್ಸರ್’ ಎಂದು ಕಾಣುವ ಎಲ್ಲವನ್ನೂ ಆಫ್ ಮಾಡಿ. ಕೆಲವು ಫೋನ್‌ಗಳು ತಂತಿ ಚುಚ್ಚಿದ ಕೂಡಲೇ ಇವನ್ನು ತಾವೇ ಹಾಕಿಕೊಳ್ಳುತ್ತವೆ. ಎರಡೂ ಇಯರ್‌ಫೋನನ್ನು ಒಂದೇ ಫೋನ್, ಒಂದೇ ಡಾಂಗಲ್ (ಫೋನಿಗೆ ಇಯರ್‌ಫೋನ್ ಚುಚ್ಚಲು ಬಳಸುವ ಪುಟ್ಟ ಅಡಾಪ್ಟರ್), ಒಂದೇ ಫೈಲಿನಲ್ಲಿ ಕೇಳಿ.

ಡಾಂಗಲ್‌ನ ಔಟ್‌ಪುಟ್ ಇಂಪೆಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಇಯರ್‌ಫೋನಿನ ಇಂಪೆಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬುದು ರೂಢಿಯ ನಿಯಮ. ಇದು ಯಾಕೆ ಬೇಕೆಂದರೆ, ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಲೋಹದ ಪಟ್ಟಿ ಕಂಪಿಸಿ ಸದ್ದು ಮಾಡುವ ಜಾತಿಯ) ಡ್ರೈವರ್‌ಗಳಿರುವ ಇಯರ್‌ಫೋನ್‌ಗಳ ಇಂಪೆಡೆನ್ಸ್ ಎಲ್ಲ ಕಂಪನಾಂಕದಲ್ಲೂ ಒಂದೇ ಇರುವುದಿಲ್ಲ. ಒಂದು ಕಡೆ 8 ಓಮ್, ಇನ್ನೊಂದು ಕಡೆ 40 ಓಮ್ ಇರುವ ಇಯರ್‌ಫೋನ್ ಎಂದುಕೊಳ್ಳಿ. ಅದನ್ನು 10 ಓಮ್ ಔಟ್‌ಪುಟ್‌ನ ಹಳೆಯ ಆಂಪ್ಲಿಫೈಯರ್‌ಗೆ ಚುಚ್ಚಿದರೆ ಆ ಎರಡು ಜಾಗಗಳ ನಡುವಿನ ಮಟ್ಟ 5 ಡೆಸಿಬಲ್‌ನಷ್ಟು ಏರುಪೇರಾಗುತ್ತದೆ. 1 ಓಮ್ ಔಟ್‌ಪುಟ್‌ನಲ್ಲಿ ಅದೇ ಏರುಪೇರು 0.8 ಡೆಸಿಬಲ್ ಮಾತ್ರ. ಒಂದೇ ಇಯರ್‌ಫೋನ್ ಎರಡು ಕಡೆ ಎರಡು ಥರ ಕೇಳಿದರೆ ಮೊದಲು ಇದನ್ನು ಅನುಮಾನಿಸಿ. ಒಂದೇ ಡೈನಮಿಕ್ ಡ್ರೈವರ್ ಇರುವವುಗಳಲ್ಲಿ ಇಂಪೆಡೆನ್ಸ್ ಹೆಚ್ಚು ಕಡಿಮೆ ಸಮತಟ್ಟು, ಅವಕ್ಕೆ ಈ ತಲೆನೋವು ಬಹುತೇಕ ಇಲ್ಲ.

ಡಬ್ಬಿಯ ಮೇಲಿನ ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ಎಂಬ) ಅಂಕಿ ನೋಡಿ ‘ಇದು ಜೋರು, ಅದು ಮೆತ್ತಗೆ’ ಎಂದು ನಿರ್ಧರಿಸುವ ಮುಂಚೆ ಅದರ ಮುಂದಿನ ಅಳತೆ ನೋಡಿ. ಒಂದು ಕಂಪನಿ ಮಿಲಿವ್ಯಾಟ್‌ಗೆ ಇಷ್ಟು ಎಂದು ಕೊಡುತ್ತದೆ, ಇನ್ನೊಂದು ವೋಲ್ಟ್‌ಗೆ ಇಷ್ಟು ಎಂದು. ಮಿಲಿವ್ಯಾಟ್ ಅಂಕಿಯನ್ನು ವೋಲ್ಟ್‌ಗೆ ತಿರುಗಿಸಲು 16 ಓಮ್ ಇದ್ದರೆ 18 ಕೂಡಿಸಿ, 32 ಓಮ್‌ಗೆ 15, 64 ಓಮ್‌ಗೆ 12. ಹೀಗೆ ನೋಡಿದರೆ ಮಿಲಿವ್ಯಾಟ್‌ಗೆ 104 ಡೆಸಿಬಲ್, 32 ಓಮ್ ಎಂದು ಬರೆದಿರುವುದೂ, ವೋಲ್ಟ್‌ಗೆ 119 ಡೆಸಿಬಲ್ ಎಂದು ಬರೆದಿರುವುದೂ ಒಂದೇ. ದೊಡ್ಡ ಅಂಕಿ ನೋಡಿ ಮರುಳಾಗಬೇಕಾಗಿಲ್ಲ.

ವಾಲ್ಯೂಮ್ ಸಮ ಮಾಡುವುದು

ಇದನ್ನು ಬಿಟ್ಟು ಮಾಡಿದ ಹೋಲಿಕೆಗೆ ಬೆಲೆಯಿಲ್ಲ. ಒಂದು ಇನ್ನೊಂದಕ್ಕಿಂತ 1 ಡೆಸಿಬಲ್ ಜೋರಾಗಿದ್ದರೆ ಕಿವಿಗೆ ಅದು ‘ಜೋರು’ ಎಂದು ಗೊತ್ತಾಗುವುದಿಲ್ಲ. ‘ಬೇಸ್ ತುಂಬಿದೆ, ವಿವರ ಜಾಸ್ತಿ’ ಎಂದೇ ಗೊತ್ತಾಗುತ್ತದೆ. ಸದ್ದು ಏರಿದಂತೆ ಕಿವಿ ಬೇಸ್‌ಗೆ ಹೆಚ್ಚು ಸ್ಪಂದಿಸುತ್ತದೆ ಎಂಬುದನ್ನು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಅಂಗಡಿಯಲ್ಲಿ ಎರಡು ಇಯರ್‌ಫೋನ್ ಕೊಟ್ಟು ‘ಕೇಳಿ ನೋಡಿ ಸಾರ್’ ಎಂದಾಗ ಗೆಲ್ಲುವುದು ಹೆಚ್ಚಾಗಿ ಸೆನ್ಸಿಟಿವಿಟಿ ಹೆಚ್ಚಿರುವುದು.

ಸರಳ ದಾರಿ: ಪ್ಲಾಸ್ಟಿಕ್ ಕೊಳವೆಯ ಒಂದು ತುದಿಗೆ ಟಿಪ್ ಬಿಗಿಯಾಗಿ ತೂರಿಸಿ, ಇನ್ನೊಂದು ತುದಿಯನ್ನು ಎರಡನೆಯ ಫೋನಿನ ಮೈಕ್ ತೂತಿನ ಮೇಲೆ ಒತ್ತಿ ಹಿಡಿಯಿರಿ. ಸುತ್ತ ಸ್ವಲ್ಪ ಬ್ಲೂಟ್ಯಾಕ್ (ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆ ಅಂಟು) ಮೆತ್ತಿದರೆ ಸೋರುವುದಿಲ್ಲ. 500 ಹರ್ಟ್ಸ್ ಟೋನ್ ಹಾಕಿ ಆ್ಯಪ್‌ನ ಅಂಕಿ ಬರೆದುಕೊಳ್ಳಿ. ಎರಡನೆಯ ಇಯರ್‌ಫೋನಿಗೂ ಹಾಗೆಯೇ ಮಾಡಿ, ಅಂಕಿ ಒಂದೇ ಬರುವಂತೆ ವಾಲ್ಯೂಮ್ ಹೊಂದಿಸಿ. 500 ಹರ್ಟ್ಸ್ ಯಾಕೆಂದರೆ, ಅಲ್ಲಿ ಸಣ್ಣ ಸೋರಿಕೆಯ ಕಾಟವೂ ಕಡಿಮೆ, ಕೊಳವೆಯ ಅನುರಣನದ ಕಾಟವೂ ಕಡಿಮೆ. ಆ್ಯಪ್ ತೋರಿಸುವ ಡೆಸಿಬಲ್ ನಿಜವಾದ ಡೆಸಿಬಲ್ ಆಗಿರಬೇಕಿಲ್ಲ, ಎರಡರ ನಡುವಿನ ವ್ಯತ್ಯಾಸ ಸರಿ ಇದ್ದರೆ ಸಾಕು. ಮೈಕ್ ತಾನೇ ಸದ್ದನ್ನು ಏರಿಸಿ ಇಳಿಸುವ ಸೌಲಭ್ಯ ಆಫ್ ಮಾಡಲು ಬರುವ ಆ್ಯಪ್ ಆರಿಸಿಕೊಳ್ಳಿ. ಒಂದೇ ಇಯರ್‌ಫೋನನ್ನು ಮೂರು ಸಲ ತೆಗೆದು ಇಟ್ಟು ಅಳೆದಾಗ ಅಂಕಿ ಅರ್ಧ ಡೆಸಿಬಲ್ ಒಳಗೆ ಉಳಿಯದಿದ್ದರೆ ಕೊಳವೆ ಕೂತಿಲ್ಲ.

ಫೋನಿನ ವಾಲ್ಯೂಮ್ ಬಟನ್ ಇದಕ್ಕೆ ಒರಟಾಯಿತು. ಒಂದೊಂದು ಮೆಟ್ಟಿಲೂ 2–3 ಡೆಸಿಬಲ್ ಹಾರುವುದುಂಟು. ಹಾಡು ನುಡಿಸುವ ಆ್ಯಪ್‌ನಲ್ಲಿ ಪ್ರೀಆಂಪ್ ಎಂಬ ಗುಂಡಿಯಿದ್ದರೆ ಅದರಲ್ಲಿ ಅರ್ಧ ಡೆಸಿಬಲ್ ಲೆಕ್ಕದಲ್ಲಿ ಇಳಿಸಬಹುದು.

ಇನ್ನೂ ಕರಾರುವಾಕ್ಕಾಗಿ ಬೇಕೆನ್ನುವವರಿಗೆ ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಉಪಾಯವಿದೆ. ಒಂದು 3.5 ಮಿಲಿಮೀಟರ್ ಸ್ಪ್ಲಿಟರ್‌ಗೆ ಎರಡೂ ಇಯರ್‌ಫೋನ್ ಚುಚ್ಚಿ. ಮೊದಲನೆಯದರ ಎಡ ತುಂಡನ್ನು ಎಡಗಿವಿಗೆ, ಎರಡನೆಯದರ ಬಲ ತುಂಡನ್ನು ಬಲಗಿವಿಗೆ ಹಾಕಿ. ಮೋನೋ ಪಿಂಕ್ ನಾಯ್ಸ್ ನುಡಿಸಿ. ಸದ್ದು ಯಾವ ಕಡೆ ವಾಲುತ್ತದೋ ಆ ಚಾನೆಲ್ಲನ್ನು ಈಕ್ವಲೈಜರ್ ಎಪಿಒ ತಂತ್ರಾಂಶದಲ್ಲಿ ಅರ್ಧರ್ಧ ಡೆಸಿಬಲ್ ಇಳಿಸುತ್ತ ಬನ್ನಿ, ನಟ್ಟನಡುವೆ ಬಂದಾಗ ನಿಲ್ಲಿಸಿ ಅಂಕಿ ಬರೆದುಕೊಳ್ಳಿ. ಈಗ ಅದಲುಬದಲು: ಮೊದಲನೆಯದರ ಬಲ ತುಂಡು ಬಲಗಿವಿಗೆ, ಎರಡನೆಯದರ ಎಡ ತುಂಡು ಎಡಗಿವಿಗೆ. ಮತ್ತೆ ಅಂಕಿ ತೆಗೆಯಿರಿ. ಎರಡು ಅಂಕಿಗಳ ಸರಾಸರಿಯೇ ನಿಮಗೆ ಬೇಕಾದ ವ್ಯತ್ಯಾಸ. ನಿಮ್ಮ ಎಡ ಬಲ ಕಿವಿಗಳ ಸ್ವಂತ ವ್ಯತ್ಯಾಸ ಅದರಲ್ಲಿ ಕಳೆದುಹೋಗುತ್ತದೆ. ಇದರಲ್ಲಿ ಅಳೆಯುವುದು ನಿಮ್ಮದೇ ಕಿವಿಯಾದ್ದರಿಂದ ಕೊಳವೆಗಿಂತ ಇದು ಮೇಲು.

ಏನನ್ನು ಕೇಳಬೇಕು

ಚೂರು ಚೂರು ಕೇಳಿ, ಒಂದು ಹಾಡಿನ 15–20 ಸೆಕೆಂಡ್ ಮಾತ್ರ. ಸದ್ದಿನ ನೆನಪು ಕೆಲವೇ ಸೆಕೆಂಡ್ ಗಟ್ಟಿಯಾಗಿರುತ್ತದೆ, ಇಯರ್‌ಫೋನ್ ಬದಲಿಸಲು ಅದಕ್ಕಿಂತ ಹೆಚ್ಚು ಸಮಯ ಬೇಕು. ಆದ್ದರಿಂದ ಬದಲಿಸುವ ಮುಂಚೆಯೇ ಕಾಗದದ ಮೇಲೆ ಎರಡು ಪದ ಬರೆಯಿರಿ. ಕ್ರಮವೂ ಮುಖ್ಯ: ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು. ಚೂಪಾದ ಒಂದನ್ನು ಕೇಳಿದ ಕಿವಿಗೆ ಅದರ ಹಿಂದೆಯೇ ಬಂದ ಸಾಧಾರಣದ್ದೂ ಮಂಕಾಗಿ ಕೇಳುತ್ತದೆ. ಮೂರನೆಯ ಸುತ್ತಿನಲ್ಲೂ ಅದೇ ವ್ಯತ್ಯಾಸ ಉಳಿದರೆ ನಂಬಿ.

ಹಾಡುಗಳ ಪಟ್ಟಿಗೆ ಹೊರದೇಶದ ಆಡಿಯೋಫೈಲ್ ಹಾಡುಗಳನ್ನು ಹುಡುಕಬೇಕಾಗಿಲ್ಲ. ನಿಮಗೆ ಬಾಯಿಪಾಠವಾಗಿರುವ ವಾದ್ಯ, ದನಿ ಸಾಕು. ಕರ್ನಾಟಕ ಸಂಗೀತದ ಚೆನ್ನಾಗಿ ಮುದ್ರಿಸಿದ ಒಂದು ಕಛೇರಿ ತೆಗೆದುಕೊಳ್ಳಿ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ಚಿರುತ್ತಾರೆ, ಅದರ ಗುಂಕಿಯಲ್ಲಿ ಕೈ ಒತ್ತಿದಾಗ ಸ್ವರ ಜಾರಿ ಏರುವುದು ಕೇಳಬೇಕು. ಬರೀ ‘ಧುಮ್’ ಎಂದು ಕೇಳಿ ಜಾರು ಕಾಣದಿದ್ದರೆ ಬೇಸ್ ಇದೆ, ಹಿಡಿತ ಇಲ್ಲ. ಬಲಮುಖದ ಹೊಡೆತ ಖಣಿ ಎನ್ನಬೇಕು, ಟಪ್ ಎನ್ನಬಾರದು. ತಂಬೂರಿಯ ತಂತಿಯ ಕೆಳಗಿನ ಜೀವಾಳಿ ದಾರದಿಂದ ಏಳುವ ಮೇಲ್‌ಸ್ವರಗಳ ಝೇಂಕಾರ ಹಾಡುಗಾರರ ದನಿಯ ಹಿಂದೆ ಎಳೆಯಾಗಿ ಹರಿಯುತ್ತಿರಬೇಕು. ಅದು ದನಿಯ ಮೇಲೆ ಹತ್ತಿ ಕೂತರೆ ಮೇಲಿನ ಟ್ರೆಬಲ್ ಎದ್ದಿದೆ, ಕಾಣೆಯಾದರೆ ಬಿದ್ದಿದೆ.

ಯಕ್ಷಗಾನದ ಧ್ವನಿಮುದ್ರಣ ಇನ್ನೊಂದು ಒಳ್ಳೆಯ ಒರೆಗಲ್ಲು. ಭಾಗವತರ ಏರುದನಿ, ಮದ್ದಳೆ, ಚಂಡೆ ಮೂರೂ ಒಟ್ಟಿಗೆ ಮೇಲೆ ಹೋದಾಗ ಪದ್ಯದ ಮಾತು ಸ್ಪಷ್ಟವಾಗಿ ಕೇಳುತ್ತದೆಯೇ? 2ರಿಂದ 5 ಕಿಲೋಹರ್ಟ್ಸ್ ನಡುವೆ ಹೆಚ್ಚು ಎದ್ದಿರುವ ಇಯರ್‌ಫೋನ್‌ನಲ್ಲಿ ಚಂಡೆ ಕಿವಿಗೆ ಇರಿಯುತ್ತದೆ, ಐದು ನಿಮಿಷಕ್ಕೆ ವಾಲ್ಯೂಮ್ ಇಳಿಸಬೇಕೆನಿಸುತ್ತದೆ. ಆ ಜಾಗ ಕುಸಿದಿದ್ದರೆ ಚಂಡೆ ಪಕ್ಕದ ಊರಿನಲ್ಲಿದೆ.

ಸಕಾರ ಶಕಾರಗಳನ್ನು ಪರೀಕ್ಷಿಸಲು ಹಾಡಿಗಿಂತ ಮಾತು ಒಳ್ಳೆಯದು. ಅಚ್ಚುಕಟ್ಟಾಗಿ ಮುದ್ರಿಸಿದ ಕನ್ನಡ ವಾರ್ತೆಯೋ ಕಥಾವಾಚನವೋ ಸಾಕು. ‘ಶ’ ಮತ್ತು ‘ಷ’ಗಳ ಬಲ ಹೆಚ್ಚಾಗಿ 3–4 ಕಿಲೋಹರ್ಟ್ಸ್ ಸುತ್ತ ಇರುತ್ತದೆ, ‘ಸ’ದ ಬಲ 5ಕ್ಕಿಂತ ಮೇಲೆ. ‘ಶಾಲೆ’ ಚುಚ್ಚಿ ‘ಸಾಲು’ ಚುಚ್ಚದಿದ್ದರೆ ತೊಂದರೆ ಕೆಳಗಿನ ಗುಡ್ಡದಲ್ಲಿ. ‘ಸಾಲು’ ಮಾತ್ರ ಚುಚ್ಚಿದರೆ ತೊಂದರೆ ಮೇಲೆ, ಟಿಪ್ ಇನ್ನೂ ಆಳಕ್ಕೆ ಹಾಕಿ ನೋಡಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹಳೆಯ ಮೋನೋ ಧ್ವನಿಮುದ್ರಿಕೆಗಳಿಗೂ ಒಂದು ಕೆಲಸವಿದೆ. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಕಾಲದ ಹಾಡುಗಾರಿಕೆಯನ್ನು ಹಾಕಿದರೆ ದನಿ ತಲೆಯ ನಡುವೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಏರುಸ್ವರಕ್ಕೆ ಹೋದಾಗ ಎಡಕ್ಕೋ ಬಲಕ್ಕೋ ಸರಿದರೆ ಎರಡು ಬದಿಯ ಡ್ರೈವರ್‌ಗಳು ಒಂದಕ್ಕೊಂದು ಹೊಂದಿಲ್ಲ, ಇಲ್ಲವೇ ಟಿಪ್‌ಗಳು ಬೇರೆ ಬೇರೆ ಆಳದಲ್ಲಿವೆ. ಟ್ರೆಬಲ್ ಎಷ್ಟು ಮೇಲೆ ಹೋಗುತ್ತದೆ ಎಂದು ಅಳೆಯಲು ಮಾತ್ರ ಈ ರೆಕಾರ್ಡುಗಳು ಬೇಡ. ಅವುಗಳಲ್ಲಿ ಅಷ್ಟು ಮೇಲೆ ಸಂಗೀತವೇ ಇಲ್ಲ, ಇರುವುದು ಸರಸರ ಮಾತ್ರ.

ಸ್ವೀಪ್ ಮತ್ತು ಗ್ರಾಫ್

ಕೇಳಿದ ಮೇಲೆ, ಮುಂಚೆ ಅಲ್ಲ, ಟೋನ್ ಜನರೇಟರನ್ನು ಕಡಿಮೆ ವಾಲ್ಯೂಮ್‌ನಲ್ಲಿ 4 ಕಿಲೋಹರ್ಟ್ಸ್‌ನಿಂದ 13ರವರೆಗೆ ನಿಧಾನವಾಗಿ ಏರಿಸಿ, ಇದೇ ಸ್ವೀಪ್. ಎಲ್ಲಿ ಥಟ್ಟನೆ ಜೋರಾಗುತ್ತದೋ ಅಲ್ಲಿ ಅಂಕಿ ಬರೆದುಕೊಳ್ಳಿ. ಈಗ ಟಿಪ್ ಅನ್ನು ತುಸು ಹೊರಗೆಳೆದು, ಇಲ್ಲವೇ ಒಳಗೆ ತಳ್ಳಿ, ಮತ್ತೆ ಏರಿಸಿ. ಆ ಗುಡ್ಡ ಜಾಗ ಬದಲಿಸಿದರೆ ಅದು ನಿಮ್ಮ ನಾಳದ ಅನುರಣನ. ಇದ್ದಲ್ಲೇ ಇದ್ದರೆ ಇಯರ್‌ಫೋನಿನದೇ ಗುಣ. ಮೊದಲನೆಯದನ್ನು ಟಿಪ್‌ನಿಂದ ಸರಿಮಾಡಬಹುದು. ಎರಡನೆಯದಕ್ಕೆ ಈಕ್ವಲೈಜರ್‌ನಲ್ಲಿ ಅದೇ ಜಾಗದಲ್ಲಿ 3–4 ಡೆಸಿಬಲ್ ಇಳಿಸುವುದೇ ದಾರಿ.

ಸ್ಕ್ವಿಗ್‌ಲಿಂಕ್‌ನಂಥ ತಾಣಗಳಲ್ಲಿ, ಯಾವ ಕಂಪನಾಂಕದಲ್ಲಿ ಎಷ್ಟು ಜೋರು ಎಂದು ತೋರಿಸುವ ಗ್ರಾಫ್ ಹಾಕಿ ಹೋಲಿಸುವಾಗ ಎರಡೂ ಗೆರೆಗಳನ್ನು ಒಬ್ಬರೇ, ಒಂದೇ ಉಪಕರಣದಲ್ಲಿ ಅಳೆದಿರಬೇಕು. ಬಹುಪಾಲು ಅಳತೆಗಳು ಐಇಸಿ 60318-4 ಎಂಬ ಮಾನದಂಡದ ಕೃತಕ ಕಿವಿಯಲ್ಲಿ ಆಗಿರುತ್ತವೆ, ಹಳೆಯ ಹೆಸರಿನಿಂದ ಅದನ್ನು 711 ಎಂದೇ ಕರೆಯುತ್ತಾರೆ. 8 ಕಿಲೋಹರ್ಟ್ಸ್‌ನಲ್ಲಿ ಕಾಣುವ ಚೂಪು ಗುಡ್ಡ ಹೆಚ್ಚಾಗಿ ಆ ಉಪಕರಣದೊಳಗಿನ ಅನುರಣನ. ಅಲ್ಲಿಂದ ಮೇಲಿನ ಗೆರೆಯನ್ನು ನಿಮ್ಮ ಕಿವಿಯ ಬಗ್ಗೆ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. 3 ಕಿಲೋಹರ್ಟ್ಸ್ ಸುತ್ತಲ ಏರು ನೋಡಿಯೂ ಹೆದರಬೇಡಿ. ತೆರೆದ ಕಿವಿ ಸಹಜವಾಗಿ ಆ ಜಾಗವನ್ನು ಎತ್ತಿ ಕೊಡುತ್ತದೆ. ನಾಳ ಮುಚ್ಚಿದಾಗ ಅದು ಕಳೆದುಹೋಗುವುದರಿಂದ ಇಯರ್‌ಫೋನೇ ಅದನ್ನು ತುಂಬಿಕೊಡಬೇಕು. ಸಂಶೋಧಕ ಶಾನ್ ಆಲಿವ್ ಮತ್ತು ಸಂಗಡಿಗರು ರೂಪಿಸಿದ ಹಾರ್ಮನ್ ಗೆರೆ ಎಂಬ ಮಾದರಿ ಗ್ರಾಫಿನಲ್ಲೂ ಆ ಏರು ಇದೆ. ಆ ಗೆರೆ ಬಹುಜನರ ರುಚಿಯ ಸರಾಸರಿ. ತಂಬೂರಿ, ವೀಣೆ, ದನಿಯನ್ನೇ ಹೆಚ್ಚಾಗಿ ಕೇಳುವವರಿಗೆ ಅದರ ಬೇಸ್ ತುಸು ಜಾಸ್ತಿ ಎಂಬುದು ನಮ್ಮ ಅಭಿಪ್ರಾಯ.

ಎರಡು ಗಂಟೆ ಹಾಕಿಕೊಂಡು ನೋಡಿ

ಹತ್ತು ನಿಮಿಷದಲ್ಲಿ ಹಿತವಾಗಿದ್ದದ್ದು ಎರಡು ಗಂಟೆಗೆ ಕಿವಿ ಕೊರೆಯಬಹುದು. ನೋವು ನಾಳದ ಒಳಗಿದ್ದರೆ ಟಿಪ್ ದೊಡ್ಡದು ಅಥವಾ ನಾಝಲ್ ದಪ್ಪ. ಕಿವಿಯ ಬಟ್ಟಲಿನ ಅಂಚಿನಲ್ಲಿ ಒಂದೇ ಚುಕ್ಕೆಯಲ್ಲಿ ಉರಿದರೆ ಶೆಲ್‌ನ ಮೂಲೆ ತಾಗುತ್ತಿದೆ, ಇದಕ್ಕೆ ಉದ್ದ ಕತ್ತಿನ ಟಿಪ್ ಹಾಕಿ ಶೆಲ್ಲನ್ನು 1–2 ಮಿಲಿಮೀಟರ್ ಹೊರಗೆ ತರಬಹುದು. ಕಿವಿಯ ಮೇಲೆ ಉರಿದರೆ ತಂತಿಯ ಕೊಕ್ಕೆಯ ಬಾಗು ಬಿಗಿ. ಕನ್ನಡಕದವರು ಮೊದಲು ಇಯರ್‌ಫೋನ್, ಆಮೇಲೆ ಕನ್ನಡಕ ಹಾಕಬೇಕು. ನಡೆಯುವಾಗ ತಂತಿ ಅಂಗಿಗೆ ಉಜ್ಜಿ ಕಿವಿಯಲ್ಲಿ ಗುಡುಗಿದರೆ ಗಲ್ಲದ ಕೆಳಗಿನ ಗುಂಡಿಯನ್ನು ಮೇಲೆ ಸರಿಸಿ ಬಿಗಿ ಮಾಡಿ.

ಹೊರಗಿನ ಸದ್ದು ಎಷ್ಟು ತಡೆಯುತ್ತದೆ ಎಂಬುದನ್ನು ಬಸ್ಸಿನಲ್ಲೇ ಪರೀಕ್ಷಿಸಿ. ಸರಿಯಾಗಿ ಮುಚ್ಚಿದ್ದರೆ ಮನೆಯಲ್ಲಿ ಕೇಳುವ ವಾಲ್ಯೂಮ್‌ಗಿಂತ ಒಂದೆರಡು ಮೆಟ್ಟಿಲು ಮಾತ್ರ ಏರಿಸಬೇಕಾಗುತ್ತದೆ. ನಾಲ್ಕೈದು ಏರಿಸಬೇಕಾದರೆ ಆ ಇಯರ್‌ಫೋನ್ ಬಸ್ಸಿಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. 3 ಡೆಸಿಬಲ್ ಏರಿದಾಗಲೆಲ್ಲ ಆ ಗಂಟೆಗಳು ಅರ್ಧವಾಗುತ್ತವೆ.

ಕೆಟ್ಟಾಗ ಎಲ್ಲಿ ಹುಡುಕಬೇಕು

ಒಂದು ಬದಿ ಸದ್ದು ಕಡಿಮೆಯಾದರೆ ಮೊದಲು ನಾಝಲ್‌ನ ಜಾಲರಿ ಬೆಳಕಿಗೆ ಹಿಡಿದು ನೋಡಿ. ಹತ್ತರಲ್ಲಿ ಎಂಟು ಸಲ ಗುಗ್ಗೆ. ನಾಝಲ್ಲನ್ನು ಕೆಳಮುಖ ಹಿಡಿದು, ಬ್ಲೂಟ್ಯಾಕ್ ಒತ್ತಿ ಎತ್ತಿ ತೆಗೆಯಿರಿ. ಸೂಜಿ, ಪಿನ್ನು ಬೇಡ, ಜಾಲರಿ ಒಳಗೆ ಹೋಗಿ ಕೂರುತ್ತದೆ. ಸಿಲಿಕಾನ್ ಟಿಪ್ ಬಿಚ್ಚಿ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಫೋಮ್‌ಗೆ ಸ್ಪಿರಿಟ್ ತಾಗಿಸಬೇಡಿ, ಅದು ಗಟ್ಟಿಯಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಜಾಲರಿಯ ಮೇಲೆ ತೇವದ ತೆಳು ಪದರ ಕಟ್ಟಿಯೂ ಸದ್ದು ಮಂಕಾಗುತ್ತದೆ. ರಾತ್ರಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಟ್ಟರೆ ಬೆಳಿಗ್ಗೆ ಸರಿಯಾಗಿರುತ್ತದೆ.

ಜಾಲರಿ ಶುಚಿಯಾಗಿದ್ದೂ ಸದ್ದು ಎಡಕ್ಕೆ ವಾಲಿದರೆ, ಬಿಚ್ಚಲು ಬರುವ ತಂತಿಯ ಎಡ ಬಲ ತುದಿಗಳನ್ನು ಅದಲುಬದಲು ಮಾಡಿ. ಈಗ ಬಲಕ್ಕೆ ವಾಲಿದರೆ ತಪ್ಪು ತಂತಿಯಲ್ಲೋ ಡಾಂಗಲ್‌ನಲ್ಲೋ ಇದೆ. ಎಡಕ್ಕೇ ಉಳಿದರೆ ಡ್ರೈವರ್ ಅಥವಾ ನಿಮ್ಮ ಕಿವಿ. ಬೇರೆ ಇಯರ್‌ಫೋನ್‌ನಲ್ಲೂ ಎಡಕ್ಕೇ ವಾಲುವುದಾದರೆ ಕಿವಿ ವೈದ್ಯರಿಗೆ ತೋರಿಸುವುದು ಒಳ್ಳೆಯದು, ಬಹುಶಃ ಅಲ್ಲೂ ಗುಗ್ಗೆಯೇ ಇದ್ದೀತು.

ತಂತಿ ಬಿಚ್ಚಿ ಹಾಕಿದ ಮೇಲೆ ಹಾಡುಗಾರರ ದನಿ ನಡುವೆ ನಿಲ್ಲದೆ ತಲೆಯ ಸುತ್ತ ಹರಡಿಕೊಂಡು, ಬೇಸ್ ಸೋತಂತೆ ಕೇಳಿದರೆ ಒಂದು ಬದಿಯ 0.78 ಮಿಲಿಮೀಟರ್ ಎರಡು ಕಡ್ಡಿಯ ಪ್ಲಗ್ ತಿರುಗುಮುರುಗಾಗಿದೆ. ಎರಡೂ ಬದಿಯ ಕೊಕ್ಕೆಗಳು ಹಿಂದಕ್ಕೆ ಬಾಗಿ ಕನ್ನಡಿಯ ಪ್ರತಿಬಿಂಬದಂತೆ ಕಾಣುವ ಹಾಗೆ ಮತ್ತೆ ಚುಚ್ಚಿ. ಕಡ್ಡಿಯನ್ನು ಓರೆಯಾಗಿ ಅಲುಗಾಡಿಸದೆ ನೇರ ಎಳೆದು, ನೇರ ಒತ್ತಬೇಕು, ಇಲ್ಲವಾದರೆ ಸಾಕೆಟ್ ಸಡಿಲವಾಗಿ ನಡೆಯುವಾಗ ಸದ್ದು ಕಡಿದು ಕಡಿದು ಬರತೊಡಗುತ್ತದೆ.